ಕೋವಿ ಮೇಸ್ತ್ರಿ ಮತ್ತು ಕೆಂಪು ಚುಕ್ಕಿ

ಗಿರಾಕಿಯನ್ನು ಬರಿಗೈಯಲ್ಲಿ ವಾಪಸ್ಸು ಕಳಿಸಿದ ದಿನ ಖುಷಿಯಾಗಿರುತ್ತಿದ್ದ ಅಂಗಡಿಯವರನ್ನು ನನ್ನ ಬದುಕಿನಲ್ಲಿ ನಾನು ಕಂಡಿದ್ದು ಒಬ್ಬರನ್ನೇ. ಅರಸೀಕೆರೆಯಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ನನ್ನ ವಾಚ್ ರಿಪೇರಿ ಅಂಗಡಿಗೂ ಅವರ ಕೋವಿ ಅಂಗಡಿಗೂ ನಡುವೆ ಒಂದೇ ಗೋಡೆ ಇತ್ತು. ತಂದೆಯ ಕಾಲದಿಂದ ಬಂದ ಲೈಸೆನ್ಸು; ಕೋವಿ ಮಾರುವುದು, ರಿಪೇರಿ ಮಾಡುವುದು, ತೋಟಾ ಕೊಡುವುದು ಅವರ ಕಸುಬು. ಊರು ಅವರನ್ನು ಕೋವಿ ಮೇಸ್ತ್ರಿ ಅನ್ನುತ್ತಿತ್ತು. ಅವರು ನನ್ನನ್ನು ವಾಚಪ್ಪ ಅನ್ನುತ್ತಿದ್ದರು. ನನಗೆ ತಂದೆತಾಯಿ ಇಟ್ಟ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ, ಹದಿನೈದು ವರ್ಷದಲ್ಲಿ ಒಮ್ಮೆಯೂ ಬಳಸಲಿಲ್ಲ.

ಯಾರಾದರೂ ಒಳಗೆ ಬಂದು "ಒಂದು ಕೋವಿ ಬೇಕಿತ್ತು" ಅಂದರೆ ಅವರು ಕನ್ನಡಕವನ್ನು ಹಣೆಗೇರಿಸಿ ಕೇಳುತ್ತಿದ್ದರು, "ಯಾರಿಗೆ?"

"ನನಗೇ."

"ಅಲ್ಲ, ಹೊಡೆಯೋದು ಯಾರಿಗೆ ಅಂದೆ."

ಕಾಡುಹಂದಿಗೆ ಅಂದವರಿಗೆ ಪಟಾಕಿ ಸಾಕು ಅನ್ನುತ್ತಿದ್ದರು. ರಿವಾಲ್ವರ್ ಕೇಳಿಕೊಂಡು ಬರುವವರು ಮಾತ್ರ ಹಂದಿಯ ಹೆಸರು ಹೇಳುತ್ತಿರಲಿಲ್ಲ. "ಪ್ರಾಣಭಯ ಐತೆ ಮೇಸ್ತ್ರಿ" ಅಂತ ದನಿ ತಗ್ಗಿಸುತ್ತಿದ್ದರು.

"ಯಾರಿಂದ?"

ಒಬ್ಬ ಭಾವಮೈದುನನ ಹೆಸರೋ, ಸೊಸೈಟಿ ಎಲೆಕ್ಷನ್ನಿನಲ್ಲಿ ಸೋತವನ ಹೆಸರೋ ಹೊರಗೆ ಬರುತ್ತಿತ್ತು.

"ಅವ್ರತ್ರ ಕೋವಿ ಐತಾ?"

"ಇಲ್ಲ."

"ಹಂಗಾದ್ರೆ ಪ್ರಾಣಭಯ ಇರೋದು ಅವ್ರಿಗೆ" ಅಂತ ಹೇಳಿ ಅವರು ಕನ್ನಡಕ ಕೆಳಗಿಳಿಸಿ ಕೆಲಸಕ್ಕೆ ಬಗ್ಗುತ್ತಿದ್ದರು. ಬಂದವನು ಸ್ವಲ್ಪ ಹೊತ್ತು ನಿಂತು, ಗೋಡೆಯ ಮೇಲಿನ ಕ್ಯಾಲೆಂಡರ್ ಓದಿ, ಹೊರಟುಹೋಗುತ್ತಿದ್ದ.

ಸಣಕಲು ಆಳು. ವರ್ಷವಿಡೀ ಖಾಕಿ ಅಂಗಿ, ಮೈಗೆಲ್ಲ ಮೆಷಿನ್ ಎಣ್ಣೆಯ ವಾಸನೆ. ಮೊನೆಯಿರುವ ಯಾವ ವಸ್ತುವನ್ನೂ ಅವರು ಮನುಷ್ಯರ ಕಡೆಗೆ ತಿರುಗಿಸುತ್ತಿರಲಿಲ್ಲ. ಸ್ಕ್ರೂಡ್ರೈವರ್ ಕೊಡುವಾಗಲೂ ಹಿಡಿ ನಮ್ಮ ಕಡೆಗೆ. ಮಾತಿನ ಭರದಲ್ಲಿ ಯಾರಾದರೂ ತೋರುಬೆರಳನ್ನು ಅವರ ಎದೆಗೆ ಚಾಚಿದರೆ, ಆ ಬೆರಳನ್ನು ಮೆಲ್ಲಗೆ ಹಿಡಿದು ಪಕ್ಕಕ್ಕೆ ಸರಿಸಿ "ಹ್ಞೂಂ, ಈಗ ಹೇಳಿ" ಅನ್ನುತ್ತಿದ್ದರು. ತಹಸೀಲ್ದಾರರ ಬೆರಳಿಗೂ ಅದೇ ಮರ್ಯಾದೆ ಆಗಿದ್ದನ್ನು ನಾನೇ ನೋಡಿದ್ದೇನೆ. ಖಾಲಿ ಕೋವಿ ಅನ್ನುವುದು ಮಾತಿನಲ್ಲಿ ಮಾತ್ರ ಇರುತ್ತದೆ ಅಂತ ಅವರ ನಂಬಿಕೆ. ರಿಪೇರಿಗೆ ಬಂದ ಪ್ರತಿಯೊಂದನ್ನೂ ತೆರೆದು ನೋಡಿ, ಮುಚ್ಚಿ, ಮರೆತವರಂತೆ ಇನ್ನೊಮ್ಮೆ ತೆರೆದು ನೋಡುತ್ತಿದ್ದರು.

ಇಂಥವರ ಅಂಗಡಿಗೆ ಲೇಸರ್ ಬಂತು.

ಮೊಬೈಲ್ ಫೋನ್ ಹಿಡಿದು ಮಾತಾಡುವವರನ್ನು ಜನ ಇನ್ನೂ ತಿರುಗಿ ನೋಡುತ್ತಿದ್ದ ಕಾಲ. ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ ಕಡೆಯ ಒಬ್ಬ ಸಾಹುಕಾರರು ಜೀಪಿನಲ್ಲಿ ಬಂದಿಳಿದರು. ಗದ್ದೆ, ತೆಂಗು, ಒಂದಿಷ್ಟು ಕಾಫಿ ಇದ್ದ ದೊಡ್ಡ ಕುಳ. ದೊಡ್ಡ ಹೊಟ್ಟೆ, ಆ ಹೊಟ್ಟೆಯ ಕೆಳಗೆ ಯಾರಿಗೂ ಕಾಣದಂತೆ ಸೊಂಟದಲ್ಲೊಂದು ರಿವಾಲ್ವರ್. ಅವರ ಶತ್ರು ಅವರ ಚಿಕ್ಕಪ್ಪನ ಮಗ. ಇಬ್ಬರ ಗದ್ದೆಯ ನಡುವಿನ ಕಾಲುವೆಯ ಬದು ಯಾರದು ಅನ್ನುವುದು ಜಗಳ. ಎರಡು ಮೇಕೆ ಅಕ್ಕಪಕ್ಕ ನಿಲ್ಲಲಾರದಷ್ಟು ಅಗಲದ ಬದು. ಅದಕ್ಕಾಗಿ ಅಣ್ಣ ರಿವಾಲ್ವರ್ ಲೈಸೆನ್ಸ್ ಮಾಡಿಸಿದ್ದರು. ತಮ್ಮ ಅರ್ಜಿ ಬರೆಯುತ್ತಿದ್ದ. ಸರ್ವೆಯರಿಗೆ, ತಹಸೀಲ್ದಾರರಿಗೆ, ಡಿ.ಸಿ.ಗೆ, ಒಮ್ಮೆ ರೈಲ್ವೆ ಇಲಾಖೆಗೂ. ಗೆಂಡೆಹಳ್ಳಿಗೆ ರೈಲೇ ಇಲ್ಲ.

ಸಾಹುಕಾರರ ಅಳಿಯ ವಿದೇಶದಿಂದ ಬರುವಾಗ ಮಾವನಿಗೆ ಒಂದು ಉಡುಗೊರೆ ತಂದಿದ್ದ. ರಿವಾಲ್ವರಿನ ನಳಿಗೆಯ ಕೆಳಗೆ ಕೂರಿಸುವ, ಬೆರಳಷ್ಟು ಉದ್ದದ ಕಪ್ಪು ಡಬ್ಬಿ. ಗುಂಡಿ ಒತ್ತಿದರೆ ಕೆಂಪು ಬೆಳಕು. ಎದುರಿನ ಗೋಡೆಯ ಮೇಲೆ ಒಂದು ಕೆಂಪು ಚುಕ್ಕಿ.

"ಚುಕ್ಕಿ ಎಲ್ಲೈತೋ ಗುಂಡು ಅಲ್ಲಿಗೇ ಹೋಯ್ತದೆ ಮೇಸ್ತ್ರಿ. ಗುರಿ ಹಿಡಿಯೋ ಕೆಲ್ಸವೇ ಇಲ್ಲ" ಅಂದರು ಸಾಹುಕಾರರು.

"ಗುರಿ ಹಿಡಿಯೋ ಕೆಲ್ಸ ಇಲ್ದಿದ್ರೆ ಒಳ್ಳೇದೇ. ಯೋಚ್ನೆ ಮಾಡೋ ಕೆಲ್ಸವೂ ಇಲ್ವಾ?"

ಸಾಹುಕಾರರಿಗೆ ಅದು ಕೇಳಿಸಲಿಲ್ಲ. ಅವರು ಡಬ್ಬಿಯನ್ನು ಕೈಯಲ್ಲಿ ಹಿಡಿದು ಆಗಲೇ ರಸ್ತೆಗೆ ಇಳಿದಿದ್ದರು. ಎದುರಿನ ಹೋಟೆಲಿನ ಬೋಂಡಾ ತಟ್ಟೆಯ ಮೇಲೆ ಚುಕ್ಕಿ ಬಿತ್ತು. ಸಿನಿಮಾ ಪೋಸ್ಟರಿನ ನಾಯಕಿಗೆ ಕುಂಕುಮ ಬಂತು. ಹೋಟೆಲಿನ ಬೆಕ್ಕು ಚುಕ್ಕಿಯನ್ನು ಅಟ್ಟಿಸಿಕೊಂಡು ಹೋಗಿ ಚರಂಡಿಗೆ ಬಿತ್ತು. ನೆರೆದವರೆಲ್ಲ ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಬಾಗಿಲಲ್ಲಿ ನಿಂತು ನೋಡಿ, "ಬೆಕ್ಕಿಗೆ ಕೆಲ್ಸ ಮಾಡ್ತೈತೆ, ಒಪ್ಪಿದೆ" ಅಂದರು.

ಮೂರು ವಾರ ಅವರು ಕೂರಿಸಿಕೊಡಲಿಲ್ಲ. ಸಾಹುಕಾರರು ಬಿಡಲೂ ಇಲ್ಲ. ಕೊನೆಗೆ, ಇನ್ಯಾರೋ ಅರೆಬರೆ ಬಲ್ಲವನ ಕೈಗೆ ಸಿಕ್ಕಿ ನಳಿಗೆಯೇ ಹಾಳಾದೀತು ಅಂತ ಇವರೇ ಕೆಲಸಕ್ಕೆ ಕೂತರು. ಚುಕ್ಕಿಯನ್ನು ಆಚೀಚೆ ಸರಿಸುವ ಸ್ಕ್ರೂಗಳು ಎಷ್ಟು ಸಣ್ಣವೆಂದರೆ ನನ್ನ ವಾಚಿನ ಸ್ಕ್ರೂಡ್ರೈವರೇ ಬೇಕಾಯಿತು. ಅದರೊಳಗಿನ ಬ್ಯಾಟರಿಯೂ ನನ್ನ ಅಂಗಡಿಯ ಸಾಮಾನೇ, ಗುಂಡಿಯಂಥ ಸಣ್ಣ ಬ್ಯಾಟರಿ. ಹೀಗೆ ದೇಶದ ರಕ್ಷಣೆಗೆ ಸಂಬಂಧಪಟ್ಟ ಕೆಲಸದಲ್ಲಿ ನನ್ನ ಕೈಯೂ ಸೇರಿತು.

ಪರೀಕ್ಷೆಗೆ ಸಾಹುಕಾರರ ಜಮೀನಿನಲ್ಲೇ ಇದ್ದ ಪಾಳು ಕಲ್ಲುಗುಂಡಿಯನ್ನು ಆರಿಸಿದ್ದಾಯಿತು. ಮೇಸ್ತ್ರಿ, ನಾನು, ಸಾಹುಕಾರರು, ಅವರ ಜೀಪಿನ ಡ್ರೈವರ್. ಮಟಮಟ ಮಧ್ಯಾಹ್ನ. ಹತ್ತು ಹೆಜ್ಜೆ ದೂರದಲ್ಲಿ ಒಂದು ಸಾಲು ಗೊಡ್ಡು ತೆಂಗಿನಕಾಯಿ ಜೋಡಿಸಿದೆವು. ಸಾಹುಕಾರರು ರಿವಾಲ್ವರ್ ಎತ್ತಿ ಗುಂಡಿ ಒತ್ತಿದರು. ಆಮೇಲೆ ಅಂಗಿಯಿಂದ ಬಿದ್ದ ಗುಂಡಿ ಹುಡುಕುವವರಂತೆ ಕಾಯಿಯ ಮೇಲೆ, ಕಲ್ಲಿನ ಮೇಲೆ, ನೆಲದ ಮೇಲೆ ಕಣ್ಣಾಡಿಸಿದರು.

"ಎಲ್ಲೋಯ್ತು ಚುಕ್ಕಿ?"

"ಐತೆ. ಬಿಸಿಲು ಅದಕ್ಕಿಂತ ಜೋರಾಗೈತೆ."

ಸಾಹುಕಾರರು ಸೋಲುವವರಲ್ಲ. ಡ್ರೈವರನ್ನು ಕರೆದು, "ಜೀಪಲ್ಲಿ ಕೊಡೆ ಐತೆ. ತಗಂಡೋಗಿ ಆ ಕಾಯಿಗೆ ನೆರಳು ಹಿಡ್ಕಳಯ್ಯ" ಅಂದರು. ಆ ಪುಣ್ಯಾತ್ಮ ಹೊರಟೇಬಿಟ್ಟಿದ್ದ. ಮೇಸ್ತ್ರಿ ಅವನ ತೋಳು ಹಿಡಿದು ನಿಲ್ಲಿಸಿದರು.

"ಸಾಹುಕಾರ್ರೆ, ನಾಳೆ ನಿಮ್ಮ ತಮ್ಮ ಹಗಲೊತ್ತು ಜಗಳಕ್ಕೆ ಬಂದ್ರೆ, ಬರೋವಾಗ ಕೊಡೆ ಹಿಡ್ಕಂಡು ಬಾ ಅಂತ ಹೇಳ್ಕಳುಸ್ತೀರಾ?"

ಸಾಹುಕಾರರು ಕಾಣದ ಚುಕ್ಕಿಯನ್ನು ನಂಬಿ ಆರು ಗುಂಡು ಹಾರಿಸಿದರು. ಕಾಯಿಗಳು ಕದಲಲಿಲ್ಲ. ಮೇಸ್ತ್ರಿ ನಳಿಗೆಯ ತುದಿಯ ಸಣ್ಣ ಕಬ್ಬಿಣವನ್ನು ತೋರಿಸಿ, "ಈ ಮೂಗು ನೋಡಿ ಹೊಡೀರಿ" ಅಂದರು. ಆರರಲ್ಲಿ ಒಂದು ತಗುಲಿತು. "ಎಲ್ಲಿ, ನೀವು ಹೊಡೀರಿ ನೋಡಾಣ" ಅಂತ ಸಾಹುಕಾರರು ರಿವಾಲ್ವರ್ ಕೊಟ್ಟರು. ನಾನೂ ಉಸಿರು ಬಿಗಿ ಹಿಡಿದೆ. ಜೀವಮಾನವಿಡೀ ಕೋವಿಯ ಜೊತೆ ಕಳೆದವರು. ಮೇಸ್ತ್ರಿ ಆರು ಹಾರಿಸಿದರು. ಎರಡು ತಗುಲಿತು.

"ಇಷ್ಟು ವರ್ಷ ರಿಪೇರಿ ಮಾಡಿ ಎರಡೇನಾ?"

"ಹಾರ್ಮೋನಿಯಂ ರಿಪೇರಿ ಮಾಡೋರೆಲ್ಲ ಹಾಡ್ತಾರಾ?" ಅಂದರು ಅವರು, ಒಂದಿಷ್ಟೂ ಬೇಜಾರಿಲ್ಲದೆ.

ಊಟ ಮುಗಿಸಿ ಮತ್ತೆ ಹೋಗುವ ಹೊತ್ತಿಗೆ ಬಿಸಿಲು ಇಳಿದು ಕಲ್ಲುಗುಂಡಿಯ ತುಂಬ ನೆರಳು. ಈಗ ಚುಕ್ಕಿ ಕಂಡಿತು. ಕಂಡಿತು ಅಂದರೆ, ಕಾಯಿಯ ಸುತ್ತ ಸೊಳ್ಳೆಯಂತೆ ಹಾರಾಡಿತು. ಸಾಹುಕಾರರು ಉಸಿರು ಬಿಗಿಹಿಡಿದು, ಸೊಳ್ಳೆ ಕೂತ ಕ್ಷಣ ನೋಡಿ ಕುದುರೆ, ಅಂದರೆ ಟ್ರಿಗರ್, ಎಳೆದರು. ಆರರಲ್ಲಿ ನಾಲ್ಕು! ಅವರು ಮಗುವಿನಂತೆ ಕುಣಿದರು. ಲೈಸೆನ್ಸಿನವರು ವರ್ಷಕ್ಕೆಂದು ಕೊಟ್ಟ ತೋಟಾಗಳ ಅರ್ಧ ಭಾಗ ಆ ಸಂತೋಷದಲ್ಲೇ ಖರ್ಚಾಗಿತ್ತು.

ಮೇಸ್ತ್ರಿ ಒಡೆದ ಕಾಯಿಗಳನ್ನು ಎತ್ತಿ ತಿರುಗಿಸಿ ನೋಡಿದರು. ತಮ್ಮ ಮಾತಿಗೆ ವಿರುದ್ಧವಾದದ್ದು ಕಣ್ಣೆದುರು ನಡೆದರೆ ಒಪ್ಪಿಕೊಳ್ಳುವ ದುರಭ್ಯಾಸ ಅವರಿಗಿತ್ತು.

"ಇದ್ದದ್ದು ಹೇಳ್ತೀನಿ. ನಮ್ಮ ವಯಸ್ಸಿಗೆ ಮೂಗು ಕಂಡ್ರೆ ಕಾಯಿ ಮಂಜು, ಕಾಯಿ ಕಂಡ್ರೆ ಮೂಗು ಮಂಜು. ಅಂಥೋರಿಗೆ ನೆರಳಲ್ಲಿ, ಹತ್ತು ಹೆಜ್ಜೇಲಿ ಇದು ಸಹಾಯ ಮಾಡ್ತೈತೆ. ಕಲಿಯೋರಿಗೂ ಒಳ್ಳೇದು, ಕೈ ಎಷ್ಟು ನಡುಗ್ತೈತೆ ಅಂತ ಗೊತ್ತಾಯ್ತದೆ. ಆದ್ರೆ ಬ್ಯಾಟರಿ ಸತ್ತಿರಬಾರ್ದು. ಜೀಪು ಕುಲುಕಿ ಸ್ಕ್ರೂ ಸರಿದಿರಬಾರ್ದು. ಎದುರಿಗಿರೋನು ತೆಂಗಿನಕಾಯಿ ಥರ ನಿಂತಿರ್ಬೇಕು. ಇಷ್ಟೆಲ್ಲ ಕೂಡಿ ಬಂದ್ರೂ, ಹೊಡೀಬೇಕಾ ಬ್ಯಾಡ್ವಾ ಅಂತ ಅದು ಹೇಳಲ್ಲ."

ಇಷ್ಟು ಉದ್ದದ ಮಾತಿನಲ್ಲಿ ಸಾಹುಕಾರರು "ಸಹಾಯ ಮಾಡ್ತೈತೆ" ಅನ್ನುವ ಎರಡು ಪದಗಳನ್ನು ಮಾತ್ರ ಆರಿಸಿಕೊಂಡರು. ಆ ವಾರವೇ ಬೇಲೂರಿನ ಒಬ್ಬ ಕಂಟ್ರಾಕ್ಟರು, ಗಂಡಸಿಯ ಒಬ್ಬ ತೆಂಗಿನ ಮಂಡಿಯವರು ಬಂದು, "ಮೇಸ್ತ್ರಿಗಳು ಶಿಫಾರಸು ಮಾಡಿರೋ ಲೇಸರ್" ಬೇಕು ಅಂತ ಕೇಳಿದರು. ಮೇಸ್ತ್ರಿ ಅವರನ್ನು ಬಸ್ ಸ್ಟ್ಯಾಂಡಿಗೆ ಕಳಿಸಿದರು. ಅಲ್ಲಿ ಕೀ ಬಂಚಿನ ಜೊತೆ ಅದೇ ಚುಕ್ಕಿ ಮಾರುತ್ತಿದ್ದರು, ಬಾಚಣಿಗೆ, ಪೀಪಿಗಳ ಪಕ್ಕ.

ಅದಾಗಿ ಕೆಲವು ತಿಂಗಳಿಗೆ ಸಾಹುಕಾರರಿಂದ ಫೋನು. ಚುಕ್ಕಿ ಒಂದು ಗೇಣು ಪಕ್ಕಕ್ಕೆ ಸರಿದಿದೆ, ಬ್ಯಾಟರಿಯೂ ಮಂಕಾಗಿದೆ, ಇಬ್ಬರೂ ಬನ್ನಿ. ಮೇಸ್ತ್ರಿ ಹೋಗಿ ಸರಿಮಾಡಿ, ಎಲ್ಲ ಬಿಗಿ ಮಾಡಿ, ಅವತ್ತೇ ವಾಪಸ್ಸು ಬಂದರು. ನನಗೆ ಜ್ವರ, ಹೋಗಲಿಲ್ಲ. ಮುಂದಿನ ತಿಂಗಳು, ಬ್ಯಾಟರಿ ಮತ್ತೆ ಮಂಕು ಅಂತ ಫೋನು ಬಂದಾಗ ಇಬ್ಬರೂ ಹೋದೆವು.

ನಾವು ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಹೆಂಚಿನ ಮನೆಯ ಉದ್ದನೆಯ ಜಗಲಿಯಲ್ಲಿ ಸಾಹುಕಾರರ ತಮ್ಮ ಮತ್ತು ಅವನ ಹೆಂಡತಿ ಕೂತಿದ್ದರು. ಸರ್ವೆಯರು ಅಳೆದು ಹೋಗಿದ್ದರಂತೆ. ಬದುವಿನ ಮಾತು ಮನೆಯೊಳಗೇ ಮುಗಿಸೋಣ ಅಂತ ಹಿರಿಯರು ಒಪ್ಪಿಸಿದ್ದರಂತೆ. ಸಾಹುಕಾರರು ನಮಗೆ, "ಕೂತ್ಕಳಿ, ಇವ್ರ ಮಾತು ಮುಗೀಲಿ, ಆಮೇಲೆ ತೋರಿಸ್ತೀನಿ" ಅಂದರು. ನಾವು ಬೆಂಚಿನ ಮೇಲೆ ಕೂತೆವು.

ಮಾತು ಮುಗಿಯುವ ಲಕ್ಷಣ ಕಾಣಲಿಲ್ಲ. ತಮ್ಮನು ಕೈಚೀಲದಿಂದ ಹಳೆಯ ಅರ್ಜಿಯೊಂದನ್ನು ತೆಗೆದು ಗಟ್ಟಿಯಾಗಿ ಓದತೊಡಗಿದ. ಸಾಹುಕಾರರು, "ಅದನ್ನ ಒಳಗಿಡೋ" ಅಂದರು.

"ಯಾಕಣ್ಣ ಇಡ್ಲಿ? ನಿನ್ನತ್ರ ಚುಕ್ಕಿ ಐತೆ, ನನ್ನತ್ರ ಕಾಗ್ದ ಐತೆ" ಅಂದ ತಮ್ಮ, ತಲೆ ಎತ್ತದೆ.

ಸಾಹುಕಾರರು ಎದ್ದು ಒಳಗೆ ಹೋದರು. ನೀರು ಕುಡಿಯಲು ಹೋದರು ಅಂದುಕೊಂಡೆ. ತಮ್ಮ ಓದುತ್ತಲೇ ಇದ್ದ. ಅವನ ಬಿಳಿ ಅಂಗಿಯ ಜೇಬಿನ ಮೇಲೆ ಕೆಂಪಗೆ ಏನೋ ಕೂತಿತು.

ಅವನಿಗೆ ಅದು ಕಾಣಲಿಲ್ಲ. ಪಕ್ಕದಲ್ಲಿದ್ದ ಹೆಂಡತಿಗೆ ಕಂಡಿತು. ಯಾವುದೋ ಹುಳ ಅಂದುಕೊಂಡು ಆಕೆ ಸೆರಗಿನಿಂದ ಕೊಡವಿದಳು. ಹೋಗಲಿಲ್ಲ. ಕೈಯಿಂದ ತಟ್ಟಿದಳು, ಹುಳ ಅವಳ ಕೈಯ ಮೇಲೆ ಬಂತು. ಕೈ ತೆಗೆದಳು, ಮತ್ತೆ ಗಂಡನ ಜೇಬಿನ ಮೇಲೆ. "ಒಂದ್ನಿಮಿಷ ಇರ್ರೀ, ಏನೋ ಐತೆ" ಅಂತ ಮತ್ತೆ ಮತ್ತೆ ಒರೆಸಿದಳು. ಬಾಗಿಲಲ್ಲಿ ನಿಂತಿದ್ದ ಸಾಹುಕಾರರು ನಕ್ಕರು.

"ಅದು ಒರೆಸಿದ್ರೆ ಹೋಗಲ್ಲ ಕಣಮ್ಮ."

ನಾನು ಅಲ್ಲೇ ಕಲ್ಲಾದೆ. ಮೇಸ್ತ್ರಿ ಬೆಂಚಿನಿಂದ ಎದ್ದರು. ಓಡಲಿಲ್ಲ, ಕೂಗಲಿಲ್ಲ. ಹೋಟೆಲಿಗೆ ಟೀ ಕುಡಿಯಲು ಹೋಗುವಷ್ಟೇ ನಿಧಾನವಾಗಿ ನಡೆದು ಅಣ್ಣತಮ್ಮಂದಿರ ನಡುವೆ ಹೋಗಿ, ಸಾಹುಕಾರರ ಕಡೆ ಮುಖ ಮಾಡಿ ನಿಂತರು. ಚುಕ್ಕಿ ಅವರ ಖಾಕಿ ಅಂಗಿಯ ಮೇಲೆ ಬಂತು.

"ಈಗ ಎಲ್ಲೈತೆ ಸಾಹುಕಾರ್ರೆ?"

"ಅಯ್ಯೋ, ಪಕ್ಕಕ್ಕೆ ಬನ್ನಿ ಮೇಸ್ತ್ರಿ. ತಮಾಷೆಗೆ. ಖಾಲಿ ಐತೆ."

"ಖಾಲಿ ಇದ್ರೆ ನಾನು ಇಲ್ಲಿ ನಿಂತ್ರೇನು? ಕುದುರೆ ಮೇಲಿಂದ ಬೆರಳು ತೆಗೀರಿ. ಹ್ಞಾಂ. ನೋಡಿ, ಹೆಂಗೆ ನಡುಗ್ತೈತೆ ಅಂತ. ನಿಮ್ಮ ಕೈ ನಡುಗೋದು ನನ್ನ ಎದೆ ಮೇಲೆ ಕಾಣ್ತೈತೆ."

ಎಲ್ಲರೂ ನೋಡಿದೆವು. ಚುಕ್ಕಿ ಅವರ ಅಂಗಿಯ ಎರಡನೇ ಗುಂಡಿಯ ಸುತ್ತ ಒದ್ದಾಡುತ್ತಿತ್ತು. ಸಾಹುಕಾರರೂ ನೋಡಿದರು. ನಗು ಎಲ್ಲಿ ನಿಂತಿತ್ತೋ ಅಲ್ಲೇ ನಿಂತು ಬಾಯಿ ಮಾತ್ರ ತೆರೆದೇ ಇತ್ತು. ಅವರ ಕೈ ಕೆಳಗಿಳಿಯಿತು. ಮೇಸ್ತ್ರಿ ಹತ್ತಿರ ಹೋಗಿ ರಿವಾಲ್ವರ್ ತೆಗೆದುಕೊಂಡು, ನೆಲದ ಕಡೆ ತಿರುಗಿಸಿ, ತೋಟಾದ ಗೂಡು ತೆರೆದು ಅಂಗೈಗೆ ಬಗ್ಗಿಸಿದರು.

ಆರು ತೋಟಾ ಬಿತ್ತು.

ಸಾಹುಕಾರರು ಹೊಸಿಲಿನ ಮೇಲೆ ಕುಸಿದು ಕೂತರು. "ನೆನ್ನೆ ತೆಗ್ದಿದ್ದೆ" ಅಂದರು. ಮೇಸ್ತ್ರಿಯ ಅಂಗೈ ನೋಡಿ, "ತೆಗ್ದೆ ಅಂದ್ಕಂಡಿದ್ದೆ" ಅಂದರು. ಸುಳ್ಳು ಹೇಳುತ್ತಿರಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ತಮ್ಮನ ಹೆಂಡತಿ ತನ್ನ ಬಲಗೈಯ ಹಿಂಭಾಗವನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ಮೇಸ್ತ್ರಿ ತಮ್ಮನ ಕಡೆ ತಿರುಗಿ, "ನೀವು ಸ್ಟೇಷನ್ನಿಗೆ ಹೋದ್ರೆ ನಾನೇ ಸಾಕ್ಷಿ ಬತ್ತೀನಿ. ಕಂಡಿದ್ದು ಕಂಡಂಗೆ ಹೇಳ್ತೀನಿ" ಅಂದರು. ಅರ್ಜಿ ಬರೆಯಲು ಅವನಿಗೆ ಅಷ್ಟು ವರ್ಷಗಳಲ್ಲಿ ಅಂಥ ಒಳ್ಳೆಯ ಕಾರಣ ಸಿಕ್ಕಿರಲಿಲ್ಲ. ಆದರೆ ಅವನ ಕೈಯಲ್ಲಿದ್ದ ಕಾಗದವೇ ಜಾರಿ ನೆಲಕ್ಕೆ ಬಿದ್ದಿತ್ತು. ಹೆಂಡತಿ ಹೇಳಿದಳು, "ನಮಗೆ ಸ್ಟೇಷನ್ ಬ್ಯಾಡ. ಅದು ಈ ಮನೇಲಿ ಇರಬಾರ್ದು, ಅಷ್ಟೇ. ನಾಳೆ ನಮ್ಮ ಮಕ್ಕಳು ಇಲ್ಲಿಗೆ ಆಡಕ್ಕೆ ಬತ್ತವೆ ಭಾವ."

ಸಾಹುಕಾರರು ತಲೆಯಾಡಿಸಿದರು. ಬದುವಿನ ಕಾಗದಕ್ಕೂ ಅವತ್ತೇ ರುಜು ಹಾಕಿದರು. ಬದು ತಮ್ಮನಿಗೆ ಹೋಯಿತು. ಮೇಸ್ತ್ರಿ ರಿವಾಲ್ವರನ್ನು ಬಟ್ಟೆಯಲ್ಲಿ ಸುತ್ತಿ, ಅಂಗಡಿಯ ಹೆಸರಿನಲ್ಲಿ ರಸೀದಿ ಬರೆದುಕೊಟ್ಟರು. ಕಾರಣ ಅನ್ನುವ ಜಾಗದಲ್ಲಿ "ಸ್ಪ್ರಿಂಗ್ ದೋಷ" ಅಂತ ಬರೆದರು. ತಮ್ಮ ಮಾತ್ರ ಮುಂದಿನ ದಿನಗಳಲ್ಲಿ ಈ ಕಥೆಯನ್ನು ತಾನು ಎದೆ ಒಡ್ಡಿ ನಿಂತ ಕಥೆಯಾಗಿ ಬೆಳೆಸಿದ ಅಂತ ಕೇಳಿದ್ದೇನೆ. ಅವನಿಗೆ ಚುಕ್ಕಿ ಬಿದ್ದಿದ್ದೇ ಗೊತ್ತಿರಲಿಲ್ಲ.

ವಾಪಸ್ಸು ಬರುವಾಗ ಬಸ್ಸು ಹಳೇಬೀಡಿನಲ್ಲಿ ಹತ್ತು ನಿಮಿಷ ನಿಂತಿತು. ಇಳಿದು ಟೀ ಹೇಳಿದೆವು. ಮೇಸ್ತ್ರಿ ಲೋಟ ಮುಟ್ಟಲಿಲ್ಲ. ಕೈಗಳನ್ನು ತೊಡೆಯ ಕೆಳಗೆ ಹಾಕಿ ಕೂತರು. ಆಮೇಲೆ ಕೇಳಿದರು.

"ವಾಚಪ್ಪ, ನನ್ನ ಎದೆ ಮೇಲೆ ಚುಕ್ಕಿ ಸರಿಯಾಗಿ ಎಲ್ಲಿತ್ತು?"

ನಾನು ನನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸಿದೆ.

"ಎಲ್ಲ ಬಿಗಿಯಾಗೇ ಕೂರಿಸಿದ್ದೆ" ಅಂದರು. "ತಪ್ತಿರಲಿಲ್ಲ." ಕಸುಬಿನ ಹೆಮ್ಮೆಯೋ, ಕಸುಬಿನ ಮೇಲಿನ ಅಸಹ್ಯವೋ, ಆ ದನಿಯಲ್ಲಿ ಎರಡೂ ಇತ್ತು. ಆಮೇಲೆ ಅವರು ಯಾರ ಕೋವಿಗೂ ಲೇಸರ್ ಕೂರಿಸಲಿಲ್ಲ. ಅದರ ಬಗ್ಗೆ ಕೇಳಿದವರಿಗೆ ಒಳ್ಳೆಯದು ಕೆಟ್ಟದ್ದು ಹೇಳುವುದನ್ನೂ ಬಿಟ್ಟರು.

ಸಾಹುಕಾರರು ಎರಡು ತಿಂಗಳು ಈ ಕಡೆ ಮುಖ ಹಾಕಲಿಲ್ಲ. ಆಮೇಲೆ ಬರತೊಡಗಿದರು. ಬಂದವರು ಬಾಗಿಲಲ್ಲೇ ನಿಂತು, "ಆಯ್ತಾ ಮೇಸ್ತ್ರಿ?" ಅನ್ನುತ್ತಿದ್ದರು. "ಸ್ಪ್ರಿಂಗ್ ಬಂದಿಲ್ಲ ಸಾಹುಕಾರ್ರೆ. ಫ್ಯಾಕ್ಟ್ರಿಗೆ ಬರ್ದಿದೀನಿ." "ಸರಿ ಬಿಡಿ." ಇಬ್ಬರೂ ಟೀ ಕುಡಿದು ಅಡಿಕೆ, ತೆಂಗು, ಮಳೆ ಅಂತ ಮಾತಾಡುತ್ತಿದ್ದರು. ಹೀಗೆ ಆರು ವರ್ಷ.

ಮೇಸ್ತ್ರಿ ಒಂದು ಬೆಳಗ್ಗೆ ಅಂಗಡಿಯ ಬೀಗ ತೆಗೆದು ಒಳಗೆ ಕೂತವರು ಹಾಗೇ ಹೋಗಿಬಿಟ್ಟರು. ಮಾತಾಡಿಸಲು ಹೋದ ನಾನೇ ಮೊದಲು ಕಂಡದ್ದು. ಲೈಸೆನ್ಸು ಅವರ ಜೊತೆಗೇ ಮುಗಿಯಿತಾದ್ದರಿಂದ ಕೆಲವು ದಿನಗಳ ಮೇಲೆ ಪೊಲೀಸರು ಬಂದು ಅಂಗಡಿಯಲ್ಲಿದ್ದುದನ್ನೆಲ್ಲ ಪಟ್ಟಿ ಮಾಡಿದರು. ಪಕ್ಕದ ಅಂಗಡಿಯವನಾದ ನಾನು ಸಾಕ್ಷಿ. ಒಳಗಿನ ಕಬ್ಬಿಣದ ಬೀರುವಿನಲ್ಲಿ ಹನ್ನೊಂದು ರಿವಾಲ್ವರು, ಪಿಸ್ತೂಲು ಇದ್ದವು. ಒಂದೊಂದಕ್ಕೂ ದಾರ ಕಟ್ಟಿದ ಚೀಟಿ, ಚೀಟಿಯಲ್ಲಿ ಮಾಲೀಕರ ಹೆಸರು, ಕೆಳಗೆ ಅವರ ದುಂಡು ಅಕ್ಷರದಲ್ಲಿ: ಸ್ಪ್ರಿಂಗ್ ಬಂದಿಲ್ಲ. ಪಿನ್ ಬಂದಿಲ್ಲ. ಸ್ಕ್ರೂ ಬಂದಿಲ್ಲ. ಜಿಲ್ಲಾ ಕೇಂದ್ರದಿಂದ ಬಂದಿದ್ದ ಪೊಲೀಸ್ ಇಲಾಖೆಯ ರಿಪೇರಿಯವನು ಒಂದೊಂದನ್ನೇ ಬಿಚ್ಚಿ ನೋಡಿದ. ಹನ್ನೊಂದರಲ್ಲಿ ಒಂದೂ ಕೆಟ್ಟಿರಲಿಲ್ಲ. ಎಣ್ಣೆ ಹಾಕಿ, ಒರೆಸಿ, ಹೊಸದರಂತೆ ಇಟ್ಟಿದ್ದರು.

ಮಾಲೀಕರನ್ನೆಲ್ಲ ಕರೆಸಿದರು. ಒಬ್ಬೊಬ್ಬರೇ ಬಂದು ಮೇಸ್ತ್ರಿಯ ಮೋಸಕ್ಕೆ ಬೈದು ತಮ್ಮ ತಮ್ಮ ಆಸ್ತಿ ತೆಗೆದುಕೊಂಡು ಹೋದರು. ಲೇಸರ್ ಕೇಳಿ ಬಂದಿದ್ದ ಬೇಲೂರಿನ ಕಂಟ್ರಾಕ್ಟರು ಎಲ್ಲರಿಗಿಂತ ಜೋರಾಗಿ ಬೈದರು. ಗೆಂಡೆಹಳ್ಳಿ ಸಾಹುಕಾರರು ಕೊನೆಗೆ ಬಂದರು. ಹೊಟ್ಟೆ ಕರಗಿತ್ತು, ಕೈಯಲ್ಲಿ ಕೋಲಿತ್ತು. ಸಬ್ ಇನ್ಸ್‌ಪೆಕ್ಟರ್ ರಿವಾಲ್ವರನ್ನು ಅವರ ಮುಂದೆ ಇಟ್ಟರು.

"ಏನೂ ತೊಂದರೆ ಇಲ್ಲ ಯಜಮಾನ್ರೆ, ಚೆನ್ನಾಗೇ ಇದೆ. ಸೈನ್ ಮಾಡಿ ತಗೊಂಡು ಹೋಗಿ. ಬೇಡ ಅಂದ್ರೆ ಸರ್ಕಾರಕ್ಕೆ ಒಪ್ಪಿಸೋಕೂ ಫಾರಂ ಇದೆ."

ಸಾಹುಕಾರರು ಅದನ್ನು ಮುಟ್ಟಲಿಲ್ಲ. ಚೀಟಿಯನ್ನು ಮಾತ್ರ ಎತ್ತಿ, ಕಣ್ಣಿನ ಹತ್ತಿರ ಹಿಡಿದು, ಅಕ್ಷರಗಳನ್ನು ಒಂದೊಂದಾಗಿ ಓದಿದರು.

"ಸ್ಪ್ರಿಂಗ್ ಇನ್ನೂ ಬಂದಿಲ್ವಲ್ಲ ಸಾರ್" ಅಂದರು. "ಆ ಇನ್ನೊಂದು ಫಾರಂ ಕೊಡಿ."